‘ಟೀರ್ ಓ ಫ್ಲಾಂ’: 1928ರ ಮೂಕಿ ಪಟಾಲಂ ಹಾಸ್ಯವನ್ನು ಉಡುಪಿಯಲ್ಲಿ ತೋರಿಸುವ ಕ್ರಮ

ಫ್ರೆಂಚ್ ನಿರ್ದೇಶಕ ಜ್ಯಾಂ ರೆನ್ವಾ 1928ರಲ್ಲಿ ಮಾಡಿದ ‘ಟೀರ್ ಓ ಫ್ಲಾಂ’ ಎಂಬ ಮೂಕಿ ಚಿತ್ರಕ್ಕೆ ನಮ್ಮ ಕಡೆಯ ಜನ ನಗದೆ ಕೂತರೆ ಅದು ಚಿತ್ರದ ತಪ್ಪೂ ಅಲ್ಲ, ಜನರ ತಪ್ಪೂ ಅಲ್ಲ. ತೋರಿಸಿದವರ ತಪ್ಪು. ಪರದೆ ತುಂಬಲಿ ಎಂದು ಅಡ್ಡಕ್ಕೆ ಎಳೆದ ಚಿತ್ರ, ಬೇಕಾಬಿಟ್ಟಿ ವೇಗ, ಹಿಂದೆ ಯಾವುದೋ ಪಿಯಾನೊ, ಓದಿ ಮುಗಿಯುವ ಮೊದಲೇ ಮಾಯವಾಗುವ ಇಂಗ್ಲಿಷ್ ಸಬ್‌ಟೈಟಲ್. ಇಷ್ಟಾದ ಮೇಲೆ ಯಾವ ಹಾಸ್ಯ ಉಳಿದೀತು? ಈ ಚಿತ್ರದ ನಗೆಯೆಲ್ಲ ಇರುವುದು ಇಡೀ ಮೈಯಲ್ಲಿ. ನಡಿಗೆಯಲ್ಲಿ, ಎಡವುವುದರಲ್ಲಿ, ಸಾಲಿನಲ್ಲಿ ನೆಟ್ಟಗೆ ನಿಲ್ಲಲಾಗದ ಚಡಪಡಿಕೆಯಲ್ಲಿ. ಆ ಮೈ ತಲೆಯಿಂದ ಪಾದದವರೆಗೆ ಕಾಣಬೇಕು, ಸರಿಯಾದ ಲಯದಲ್ಲೂ ಕಾಣಬೇಕು. ಯಕ್ಷಗಾನದ ಆಟ ನೋಡಿ ಬೆಳೆದ ಉಡುಪಿ, ಕುಂದಾಪುರ, ಮಂಗಳೂರಿನವರಿಗಿಂತ ಒಳ್ಳೆಯ ಪ್ರೇಕ್ಷಕರು ಇದಕ್ಕೆ ಸಿಗಲಿಕ್ಕಿಲ್ಲ. ಹಾಸ್ಯಗಾರ ರಂಗಕ್ಕೆ ಬಂದು ಬಾಯಿ ತೆರೆಯುವ ಮೊದಲೇ ನಗಲು ಶುರುಮಾಡುವವರು ನಾವು.

ಕತೆ ಸಣ್ಣದು. ಜ್ಯಾಂ ದ್ಯುಬ್ವಾ ದೋಂಬೆಲ್ ಶ್ರೀಮಂತರ ಮನೆಯ ಹುಡುಗ, ಕವಿ. ಕಡ್ಡಾಯ ಸೇನಾಸೇವೆಗೆ ಹೋಗುವ ದಿನ ಹತ್ತಿರವಾಗಿದೆ. ಮನೆಯ ಆಳು ಜೋಸೆಫ್ ಕೂಡ ಅದೇ ದಂಡಿಗೆ ಹೋಗಬೇಕು. ಹುಡುಗನಿಗೆ ಅಲ್ಲಿ ಸ್ವಲ್ಪ ಸಲೀಸಾಗಲಿ ಎಂದು ಮನೆಯ ಯಜಮಾನಿ ಮದಾಂ ಬ್ಲಾಂದ್ಯಾಂ ಕರ್ನಲ್‌ನನ್ನು ಊಟಕ್ಕೆ ಕರೆಯುತ್ತಾಳೆ. ಬಡಿಸುವ ಜೋಸೆಫ್‌ನ ದೆಸೆಯಿಂದ ಆ ಊಟವೇ ಎಡವಟ್ಟಾಗುತ್ತದೆ. ಬ್ಯಾರಕ್ಕಿಗೆ ಹೋದ ಮೇಲೆ ಎಲ್ಲ ತಿರುಗುಮುರುಗು. ಆಳು ಅಲ್ಲಿ ಆರಾಮಾಗಿ ಹೊಂದಿಕೊಳ್ಳುತ್ತಾನೆ, ಧಣಿ ಮಾತ್ರ ಎಲ್ಲರ ಗೇಲಿಗೆ ಗುರಿಯಾಗುತ್ತಾನೆ.

ಪ್ರದರ್ಶನಕ್ಕೆ ಮೊದಲು ಎರಡು ನಿಮಿಷ ಮಾತಾಡುವುದಾದರೆ ಇದನ್ನೇ ಹೇಳಿ. ಉಳಿದ ಭಾಷಣ ಬೇಡ. ಭಾರತದಲ್ಲಿ ಕಡ್ಡಾಯ ಸೈನಿಕ ಸೇವೆ ಇಲ್ಲದ ಕಾರಣ, ಧಣಿಯೂ ಆಳೂ ಒಂದೇ ಬ್ಯಾರಕ್ಕಿನಲ್ಲಿ ಮಲಗುವುದು ಹೇಗೆ ಎಂಬ ಪ್ರಶ್ನೆ ಪ್ರೇಕ್ಷಕರಲ್ಲಿ ಉಳಿದುಬಿಡುತ್ತದೆ. ಫ್ರಾನ್ಸಿನಲ್ಲಿ 1905ರ ಕಾನೂನು ಓದಿದವರಿಗೆ, ಅನುಕೂಲಸ್ಥರಿಗೆ ಇದ್ದ ರಿಯಾಯಿತಿಗಳನ್ನು ತೆಗೆದು ಎಲ್ಲ ಗಂಡಸರಿಗೂ ಎರಡು ವರ್ಷ ಸೇವೆ ಎಂದಿತು. 1913ರಲ್ಲಿ ಅದು ಮೂರು ವರ್ಷವಾಯಿತು, ಮಹಾಯುದ್ಧ ಮುಗಿದ ಮೇಲೆ 1923ರಲ್ಲಿ ಒಂದೂವರೆಗೆ ಇಳಿಯಿತು, ಈ ಚಿತ್ರ ಬಂದ 1928ರಲ್ಲೇ ಒಂದು ವರ್ಷಕ್ಕೆ ಬಂತು. ಅಂದರೆ ಅಂದಿನ ಫ್ರೆಂಚ್ ಪ್ರೇಕ್ಷಕರಲ್ಲಿ ಬಹುಪಾಲು ಗಂಡಸರು ಬ್ಯಾರಕ್ಕಿನ ಚಳಿ, ಸಾರ್ಜೆಂಟನ ಬೈಗುಳ ಎರಡನ್ನೂ ಅನುಭವಿಸಿದವರೇ. ರೆನ್ವಾ ಕೂಡ ಹಾಗೆಯೇ. ಅಶ್ವದಳದಲ್ಲಿ ಸೇವೆ ಶುರುಮಾಡಿ, 1915ರಲ್ಲಿ ಕಾಲಿಗೆ ಗುಂಡೇಟು ತಿಂದು, ಬದುಕಿನುದ್ದಕ್ಕೂ ಕುಂಟುತ್ತ ನಡೆದವರು ಅವರು. ಚಿತ್ರದ ಮೂಲ ಮಾತ್ರ ಅವರದ್ದಲ್ಲ. ಆಂದ್ರೆ ಮೂಯೆಜಿ-ಎಯೋಂ ಮತ್ತು ಸಿಲ್ವಾನ್ ಬರೆದು 1904ರಲ್ಲಿ ರಂಗಕ್ಕೆ ಬಂದ ಪ್ರಹಸನ ಅದು.

ಕಾಪಿ ಹುಡುಕುವಾಗ ಮೊದಲ ಎಡವಟ್ಟು ಆಗುವುದು ಇಲ್ಲೇ. ಅದೇ ನಾಟಕ ಅದೇ ಹೆಸರಿನಲ್ಲಿ ಮತ್ತೆ ಮತ್ತೆ ಸಿನಿಮಾ ಆಗಿದೆ. 1933ರಲ್ಲಿ ಆನ್ರಿ ವುಲ್ಶ್ಲೆಗರ್ ಮಾಡಿದ ಟಾಕಿ, 1950ರಲ್ಲಿ ಫೆರ್ನಾಂ ರಿವೆರ್ ಮಾಡಿದ್ದು, 1961ರಲ್ಲಿ ಕ್ಲೋದ್ ದ ಜಿವ್ರೆ ಮಾಡಿದ್ದು. ಹೆಸರು ಮಾತ್ರ ನೋಡಿ ಡಿಸ್ಕ್ ತರಿಸಿದರೆ ಇವುಗಳಲ್ಲಿ ಯಾವುದಾದರೂ ಬರಬಹುದು. ನಿರ್ದೇಶಕ ರೆನ್ವಾ, ಕ್ಯಾಮೆರಾ ಜ್ಯಾಂ ಬಾಶ್ಲೆ, ನಟರು ಜಾರ್ಜ್ ಪೊಮಿಯೆ (ಜ್ಯಾಂ) ಮತ್ತು ಮಿಶೆಲ್ ಸಿಮೋನ್ (ಜೋಸೆಫ್) ಎಂದು ಇದ್ದರೆ ಮಾತ್ರ ಇದು ನಮಗೆ ಬೇಕಾದದ್ದು. ಹಕ್ಕಿನ ವಿಷಯದಲ್ಲೂ ಎಚ್ಚರ ಬೇಕು. ನಮ್ಮ ಕಾಯಿದೆಯಲ್ಲಿ ಸಿನಿಮಾಕ್ಕೆ ಇರುವ 60 ವರ್ಷದ ಅವಧಿ ಎಂದೋ ಮುಗಿದಿದ್ದರೂ, ಡಿಸ್ಕಿನಲ್ಲಿರುವ ಸಂಗೀತ ಈಚಿನದು. ಅದಕ್ಕೆ ಬೇರೆ ಹಕ್ಕಿದೆ. ಟಿಕೆಟ್ ಇಟ್ಟರೂ ಇಡದಿದ್ದರೂ ಡಿಸ್ಕ್ ಹೊರತಂದವರಿಂದ ಇ-ಮೇಲಿನಲ್ಲಿ ಒಪ್ಪಿಗೆ ತೆಗೆದುಕೊಂಡು ಅದರ ಪ್ರಿಂಟ್ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ವೇಗ. ಎಲ್ಲಕ್ಕಿಂತ ಮುಖ್ಯ ಇದು, ಹೆಚ್ಚಿನವರು ಕೈಬಿಡುವುದೂ ಇದನ್ನೇ. ಸೆಕೆಂಡಿಗೆ 24 ಫ್ರೇಮು ಎಂಬ ಲೆಕ್ಕ ಗಟ್ಟಿಯಾದದ್ದು ಧ್ವನಿ ಬಂದ ಮೇಲೆ. ಮೂಕಿ ಕಾಲದಲ್ಲಿ 16ರಿಂದ 24ರವರೆಗೆ ಎಲ್ಲವೂ ಇತ್ತು. 20 ಫ್ರೇಮಿನಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲ ಚಲನೆಯೂ ನೂರಕ್ಕೆ 20ರಷ್ಟು ಚುರುಕಾಗುತ್ತದೆ. ಬಿದ್ದವನು ಬಿದ್ದದ್ದು ಕಾಣುತ್ತದೆ, ಬೀಳುವ ಮೊದಲಿನ ಆ ಅರೆಕ್ಷಣದ ಗಾಬರಿ ಕಾಣುವುದಿಲ್ಲ. ನಗು ಹುಟ್ಟುವುದು ಆ ಗಾಬರಿಯಲ್ಲಿ.

ನಿಮ್ಮ ಫೈಲಿನ ವೇಗ ಸರಿ ಇದೆಯೇ ಎಂದು ಹೀಗೆ ಪರೀಕ್ಷಿಸಿ. ಕಂಪ್ಯೂಟರಿನ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ಚಿತ್ರ ಹಾಕಿ, ಯಾರಾದರೂ ಪರದೆಯ ಉದ್ದಕ್ಕೂ ನಡೆಯುವ ಜಾಗದಲ್ಲಿ ನಿಲ್ಲಿಸಿ, ಕೀಬೋರ್ಡಿನ ‘ಇ’ ಒತ್ತುತ್ತ ಒಂದೊಂದೇ ಫ್ರೇಮು ಮುಂದೆ ಹೋಗಿ. ಪ್ರತಿ ಆರು ಫ್ರೇಮಿಗೊಮ್ಮೆ ಚಿತ್ರ ಅಲ್ಲಾಡದೆ ನಿಂತರೆ, 20 ಫ್ರೇಮಿನದನ್ನು 24ಕ್ಕೆ ಹೊಂದಿಸಿ ಡಿಸ್ಕ್ ಮಾಡಿದವರೇ ಕೆಲಸ ಮುಗಿಸಿದ್ದಾರೆ. ನಾಲ್ಕಕ್ಕೊಮ್ಮೆ ನಿಂತರೆ 18ರಿಂದ ಹೊಂದಿಸಿದ್ದಾರೆ. ಹಾಗಿದ್ದಲ್ಲಿ ನೀವು ಏನನ್ನೂ ಮುಟ್ಟಬೇಡಿ. ಒಮ್ಮೆ ನಿಧಾನ ಮಾಡಿದ್ದನ್ನು ಇನ್ನೊಮ್ಮೆ ನಿಧಾನ ಮಾಡಿದರೆ ಸಿಪಾಯಿಗಳೆಲ್ಲ ನೀರಿನಡಿ ನಡೆದ ಹಾಗೆ ಕಾಣುತ್ತಾರೆ. ಯಾವ ಫ್ರೇಮೂ ಮರುಕಳಿಸದೆ, ನಡಿಗೆ ಮಾತ್ರ ಗಡಿಬಿಡಿಯದಾಗಿ ಕಂಡರೆ ವಿಎಲ್‌ಸಿಯ ಪ್ಲೇಬ್ಯಾಕ್ ವೇಗವನ್ನು 1ರಿಂದ ಇಳಿಸಬೇಕು. 20ಕ್ಕೆ ಬೇಕಾದರೆ 0.83, 22ಕ್ಕೆ 0.92, 18ಕ್ಕೆ 0.75.

ಎಷ್ಟಕ್ಕೆ ಇಳಿಸಬೇಕು ಎಂಬುದಕ್ಕೆ ಪಟಾಲಂ ಚಿತ್ರದಲ್ಲಿ ಬೇರೆ ಚಿತ್ರಗಳಲ್ಲಿ ಸಿಗದ ಒಂದು ಅಳತೆಗೋಲು ಇದೆ. ಫ್ರೆಂಚ್ ಪದಾತಿ ದಳದ ಕವಾಯತಿನ ನಡಿಗೆ ನಿಮಿಷಕ್ಕೆ 120 ಹೆಜ್ಜೆ. ನಮ್ಮ ಎನ್‌ಸಿಸಿ ಹುಡುಗರ ‘ತೇಜ್ ಚಲ್’ ಕೂಡ ಅಷ್ಟೇ. ಸಾಲಾಗಿ ನಡೆಯುವ ದೃಶ್ಯವೊಂದನ್ನು ಹಿಡಿದು 10 ಸೆಕೆಂಡಿನಲ್ಲಿ ಎಷ್ಟು ಹೆಜ್ಜೆ ಬೀಳುತ್ತದೆ ಎಂದು ಎಣಿಸಿ. 20 ಬಿದ್ದರೆ ಕ್ಯಾಮೆರಾದ ವೇಗವೇ ಬಂತು. 24 ಬಿದ್ದರೆ ಅತಿಯಾಯಿತು. ನನ್ನ ಕೇಳಿದರೆ 21 ಹೆಜ್ಜೆಯಲ್ಲಿ ನಿಲ್ಲಿಸಿ. ಆ ಕಾಲದ ಥಿಯೇಟರುಗಳಲ್ಲಿ ತೆಗೆದದ್ದಕ್ಕಿಂತ ಒಂದಿಷ್ಟು ಜೋರಾಗಿಯೇ ಓಡಿಸುತ್ತಿದ್ದರು, ಹಾಸ್ಯಕ್ಕೆ ಆ ಸಣ್ಣ ಚುರುಕು ಬೇಕು ಕೂಡ. ಪ್ರೊಜೆಕ್ಟರಿನ ಅಥವಾ ಟಿವಿಯ ಸೆಟ್ಟಿಂಗಿನಲ್ಲಿ ಮೋಶನ್ ಸ್ಮೂತಿಂಗ್ ಎಂಬುದು ಇದ್ದರೆ ಮರೆಯದೆ ಆಫ್ ಮಾಡಿ. ಇಲ್ಲದ ಫ್ರೇಮುಗಳನ್ನು ಅದು ತಾನೇ ಹುಟ್ಟಿಸುತ್ತದೆ, ಕೈಕಾಲುಗಳ ಅಂಚು ಕರಗಿದ ಮೇಣದಂತೆ ಕಾಣುತ್ತದೆ.

ಚೌಕಟ್ಟಿನ ವಿಷಯಕ್ಕೆ ಬಂದರೆ, ಮೂಕಿಯ ಅಳತೆ 1.33ಕ್ಕೆ 1. ನಮ್ಮ ಹಾಲ್‌ಗಳಲ್ಲಿ ಈಗ ಇರುವುದು 16:9 ಪ್ರೊಜೆಕ್ಟರು. ಪರದೆ 12 ಅಡಿ ಅಗಲ, 6.75 ಅಡಿ ಎತ್ತರ ಇದ್ದರೆ ನಮ್ಮ ಚಿತ್ರ ನಡುವಿನ 9 ಅಡಿಯಲ್ಲಿ ಮಾತ್ರ ಬರಬೇಕು, ಎರಡೂ ಬದಿಗೆ ಒಂದೂವರೆ ಅಡಿ ಕಪ್ಪು ಉಳಿಯಬೇಕು. ಅದನ್ನು ನೋಡಿ ‘ಪರದೆ ಖಾಲಿ ಬಿಟ್ಟಿದ್ದೀರಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಎಳೆದರೆ ಎಲ್ಲರೂ ಮೂರನೇ ಒಂದರಷ್ಟು ದಪ್ಪಗಾಗುತ್ತಾರೆ. ಎಳೆಯದೆ ಹಿಗ್ಗಿಸಿದರೆ ಮೇಲೆ ಕೆಳಗೆ ಸೇರಿ ಕಾಲು ಭಾಗ ಚಿತ್ರ ಕತ್ತರಿಸಿ ಹೋಗುತ್ತದೆ. ಪೊಮಿಯೆ ವೃತ್ತಿಯಿಂದ ನರ್ತಕ, ಅವನ ನಟನೆಯ ಅರ್ಧ ಇರುವುದು ಪಾದಗಳಲ್ಲಿ. ಪಾದ ಕತ್ತರಿಸಿ ಅವನನ್ನು ತೋರಿಸುವುದೆಂದರೆ ಗೆಜ್ಜೆ ಬಿಚ್ಚಿಸಿ ವೇಷಧಾರಿಯನ್ನು ಕುಣಿಸಿದಂತೆ. ಇನ್ನೊಂದು ಕಾರಣವೂ ಇದೆ. ರೆನ್ವಾ ಇಲ್ಲಿಯೇ ತಮ್ಮ ಮುಂದಿನ ದೊಡ್ಡ ಚಿತ್ರಗಳ ಅಭ್ಯಾಸ ಶುರುಮಾಡಿದ್ದಾರೆ. ಮುಂದೆ ಒಬ್ಬ ಮಾತಾಡುತ್ತಿರುವಾಗ ಹಿಂದೆ, ಬಾಗಿಲಾಚೆ, ಮೂಲೆಯಲ್ಲಿ ಇನ್ನೊಂದೇನೋ ನಡೆಯುತ್ತಿರುತ್ತದೆ. ಕ್ಯಾಮೆರಾ ಒಮ್ಮೊಮ್ಮೆ ಸಿಪಾಯಿಗಳ ಗುಂಪಿನೊಳಗೇ ನುಗ್ಗುತ್ತದೆ. ಅಂಚು ಕತ್ತರಿಸಿದರೆ ಹಿಂದಿನ ಆ ಆಟ ಪೂರ್ತಿ ಹೋಯಿತು.

ಪ್ರೊಜೆಕ್ಟರು ಪರದೆಯ ನಡುಗೆರೆಗೆ ನೇರವಾಗಿರಲಿ. ಥ್ರೋ ಅನುಪಾತ (ಪರದೆಯ ಅಗಲದ ಎಷ್ಟು ಪಟ್ಟು ದೂರ ಬೇಕು ಎಂಬ ಲೆಕ್ಕ) 1.5 ಇರುವ ಯಂತ್ರವಾದರೆ 12 ಅಡಿ ಪರದೆಗೆ 18 ಅಡಿ ದೂರ ಬೇಕು. ಜಾಗವಿಲ್ಲವೆಂದು ಓರೆಯಾಗಿ ಇಟ್ಟು, ಓರೆಯಾದ ಚಿತ್ರವನ್ನು ಚೌಕ ಮಾಡುವ ಕೀಸ್ಟೋನ್ ಸೆಟ್ಟಿಂಗಿನಲ್ಲಿ ಸರಿಮಾಡಿದರೆ ಚಿತ್ರದ ಸ್ಪಷ್ಟತೆ ಕಡಿಮೆಯಾಗುತ್ತದೆ, ಹಳೆಯ ಚಿತ್ರದ ಸಣ್ಣ ಮುಖಗಳು ಮಸುಕಾಗುತ್ತವೆ. 3000 ಲ್ಯೂಮೆನ್ ಸಾಕು, ಆದರೆ ಹಾಲ್ ನಿಜವಾಗಿ ಕತ್ತಲಾಗಿರಬೇಕು. ನಮ್ಮ ಹಂಚಿನ ಮಾಡಿನ ಹಳೆಯ ಸಭಾಂಗಣಗಳಲ್ಲಿ ತೊಂದರೆ ಇರುವುದು ಕಿಟಕಿಯಲ್ಲಿ ಅಲ್ಲ, ಗಾಜಿನ ಹಂಚಿನಲ್ಲಿ. ಕಿಟಕಿಗೆ ಬಟ್ಟೆ ಕಟ್ಟಬಹುದು, ಮಾಡಿಗೆ ಹತ್ತಿ ಯಾರು ಮುಚ್ಚುತ್ತಾರೆ? ಸಂಜೆ 7ರ ಮೇಲೆ ಶುರುಮಾಡುವುದೇ ಪರಿಹಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಹಾಲ್ ಬೇಡವೇ ಬೇಡ, ಮಳೆ ಹಿಡಿದರೆ ಚಿತ್ರಕ್ಕೆ ನುಡಿಸುವ ಹಿಮ್ಮೇಳ ಕೇಳುವುದಿಲ್ಲ. ಪರದೆಯ ಕೆಳ ಅಂಚು ನೆಲದಿಂದ ಕನಿಷ್ಠ 4 ಅಡಿ ಮೇಲಿರಲಿ. ಸಬ್‌ಟೈಟಲ್ ಇರುವುದು ಅಲ್ಲೇ, ಮುಂದಿನವರ ತಲೆ ಬರುವುದೂ ಅಲ್ಲೇ. ಕರೆಂಟು ಹೋದರೆ ದೀಪದ ಪ್ರೊಜೆಕ್ಟರಿನ ಫ್ಯಾನು ಒಮ್ಮೆಲೇ ನಿಂತು ದೀಪದ ಆಯುಸ್ಸು ಕಡಿಮೆಯಾಗುತ್ತದೆ. ಸುಮಾರು 300 ವ್ಯಾಟಿನ ಯಂತ್ರ ಮತ್ತು ಲ್ಯಾಪ್‌ಟಾಪಿಗೆ 1 ಕೆವಿಎ ಇನ್ವರ್ಟರ್ ಸಾಕು, ಚಿತ್ರವೂ ನಿಲ್ಲುವುದಿಲ್ಲ.

ಕನ್ನಡ ಸಬ್‌ಟೈಟಲ್ ನೀವೇ ಮಾಡಬೇಕಾಗುತ್ತದೆ. ಮೂಕಿಯಲ್ಲಿ ಇದು ಸುಲಭದ ಕೆಲಸ, ಏಕೆಂದರೆ ಬರೆಯಬೇಕಾದದ್ದು ದೃಶ್ಯಗಳ ನಡುವೆ ಮಾತನ್ನು ಬರೆದು ತೋರಿಸುವ ಅಕ್ಷರಫಲಕಗಳಿಗೆ ಮಾತ್ರ. ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲನ್ನು ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಆರಿಸಿ. ಇಲ್ಲವಾದರೆ ಪರದೆಯ ಮೇಲೆ ಬರುವುದು ಪ್ರಶ್ನಾರ್ಥಕ ಚಿಹ್ನೆಗಳು. ವಿಎಲ್‌ಸಿ 3ಕ್ಕಿಂತ ಹಳೆಯದಾದರೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬೀಳುತ್ತವೆ. ಹೊಸದನ್ನು ಹಾಕಿ, ಫಾಂಟ್ ನೋಟೋ ಸಾನ್ಸ್ ಕನ್ನಡ ಎಂದು ಆರಿಸಿ. ಬಣ್ಣ ತಿಳಿ ಹಳದಿ ಇರಲಿ, ಫಲಕದ ಬಿಳಿ ಫ್ರೆಂಚ್ ಅಕ್ಷರದಿಂದ ಬೇರೆಯಾಗಿ ಕಾಣುತ್ತದೆ. ಎರಡು ಸಾಲು ಮೀರಬಾರದು. ಫಲಕ ಪರದೆಯ ಮೇಲಿರುವಷ್ಟು ಹೊತ್ತಿನಲ್ಲಿ ಒಬ್ಬರು ಗಟ್ಟಿಯಾಗಿ, ಅವಸರವಿಲ್ಲದೆ ಓದಿ ಮುಗಿಸಲಾಗದಿದ್ದರೆ ಆ ಸಾಲು ಉದ್ದವಾಯಿತು, ಕಡಿಮೆ ಮಾಡಿ. ವೇಗ ಇಳಿಸಿದರೆ ಸಬ್‌ಟೈಟಲ್ ಕೂಡ ಜತೆಗೇ ಇಳಿಯುತ್ತದೆ, ಅದರ ಚಿಂತೆ ಬೇಡ.

ಮಾತಿನ ಧಾಟಿಯಲ್ಲಿ ಒಂದು ಸೂಕ್ಷ್ಮ ಇದೆ. ಬ್ಯಾರಕ್ಕಿನಲ್ಲಿ ಇಬ್ಬರೂ ಒಂದೇ ದರ್ಜೆಯ ಸಿಪಾಯಿಗಳಾದರೂ ಜೋಸೆಫ್‌ನಿಂದ ‘ಧಣಿ’, ‘ನೀವು’ ಬಿಡಿಸಬೇಡಿ. ಸಾರ್ಜೆಂಟನ ಬಾಯಲ್ಲಿ ಎಲ್ಲರಿಗೂ ಏಕವಚನ ಇರಲಿ. ಆ ವ್ಯತ್ಯಾಸ ಕಿವಿಗೆ ಬಿದ್ದರೆ ಅರ್ಧ ಕತೆ ತನ್ನಿಂದ ತಾನೇ ತಿಳಿಯುತ್ತದೆ. ಊರಿನ ರಾಜಕಾರಣಿಯ ಹೆಸರು, ತುಳು ನಾಟಕದ ಪಂಚ್ ಸೇರಿಸಬೇಡಿ. ಜನ ನಗುತ್ತಾರೆ ನಿಜ, ಆದರೆ ಆಮೇಲೆ ಪರದೆ ನೋಡುವುದನ್ನು ಬಿಟ್ಟು ಮುಂದಿನ ಪಂಚಿಗೆ ಕಾಯುತ್ತಾರೆ. ಓದಲು ಕಷ್ಟವಾಗುವ ಹಿರಿಯರು, ಸಣ್ಣ ಮಕ್ಕಳು ಹೆಚ್ಚಿದ್ದರೆ ಒಬ್ಬರನ್ನು ಮೈಕಿಗೆ ಕೂರಿಸಿ ಫಲಕ ಮಾತ್ರ ಓದಿಸಿ. ದೃಶ್ಯದ ವಿವರಣೆ ಬೇಡ.

ಇನ್ನು ಸಂಗೀತ. ಡಿಸ್ಕಿನ ಧ್ವನಿಯನ್ನು ಮ್ಯೂಟ್ ಮಾಡಿ ಹಿಮ್ಮೇಳ ಕೂರಿಸುವುದು ನಮ್ಮ ಜಿಲ್ಲೆಗಳಲ್ಲಿ ಸಾಧ್ಯವಿರುವಷ್ಟು ಸಲೀಸಾಗಿ ಬೇರೆಲ್ಲೂ ಸಾಧ್ಯವಿಲ್ಲ. ಶ್ರುತಿ, ಮದ್ದಳೆ, ಚಂಡೆ, ತಾಳ. ನಾಲ್ಕು ಜನ ಸಾಕು. ಆಟದಲ್ಲಿ ವೇಷಧಾರಿಯ ಕಾಲು ನೋಡಿ ನುಡಿಸಿ ಪಳಗಿದವರಿಗೆ ಪೊಮಿಯೆಯ ಕಾಲು ನೋಡಿ ನುಡಿಸುವುದು ಹೊಸ ವಿದ್ಯೆಯಲ್ಲ. ಒಂದೇ ಕಷ್ಟ ಇದೆ. ರಂಗದ ಮೇಲಿನ ವೇಷಧಾರಿ ಚಂಡೆಗಾಗಿ ಕಾಯುತ್ತಾನೆ, ಕಣ್ಣಲ್ಲೇ ಸನ್ನೆ ಕೊಡುತ್ತಾನೆ. ಪರದೆಯವನು ಯಾರಿಗೂ ಕಾಯುವುದಿಲ್ಲ. ಮುಕ್ತಾಯ ಹಾಕುವಷ್ಟರಲ್ಲಿ ದೃಶ್ಯ ಕತ್ತರಿಸಿ ಇನ್ನೊಂದು ಬಂದಿರುತ್ತದೆ. ಹಾಗಾಗಿ ಇಡೀ ಚಿತ್ರವನ್ನು ಎರಡು ಸಲ ಹಾಕಿ ಅಭ್ಯಾಸ ಮಾಡಲೇಬೇಕು. ಮೊದಲ ಸಲ ನುಡಿಸದೆ ನೋಡುವುದು, ಎರಡನೆಯ ಸಲ ನುಡಿಸುತ್ತ. ಅಭ್ಯಾಸದ ದಿನದ ವೇಗವೂ ಪ್ರದರ್ಶನದ ದಿನದ ವೇಗವೂ ಒಂದೇ ಆಗಿರಬೇಕು. ಇದನ್ನು ಮರೆತರೆ ಮಾಡಿದ ಲೆಕ್ಕವೆಲ್ಲ ತಪ್ಪುತ್ತದೆ.

ಒಂದು ಹಾಳೆಯಲ್ಲಿ ದೃಶ್ಯ, ಅದು ಶುರುವಾಗುವ ನಿಮಿಷ, ತಾಳ, ಯಾರು ನುಡಿಸಬೇಕು, ಯಾರು ಸುಮ್ಮನಿರಬೇಕು ಎಂದು ಬರೆದಿಡಿ. ‘ಸುಮ್ಮನೆ’ ಎಂಬ ಕಾಲಂ ಎಲ್ಲಕ್ಕಿಂತ ಮುಖ್ಯ. ಮೊದಲಿನ ಊಟದ ದೃಶ್ಯಕ್ಕೆ ಮದ್ದಳೆ ಮಾತ್ರ, ನಿಧಾನದ ಆದಿತಾಳ. ಚಂಡೆ ಕೋಲು ಕೆಳಗಿಟ್ಟಿರಲಿ. ಜೋಸೆಫ್‌ನ ಎಡವಟ್ಟಿಗೆಲ್ಲ ಒಂದೊಂದು ಪೆಟ್ಟು ಹಾಕುವ ಆಸೆ ಬರುತ್ತದೆ, ಹಾಕಬೇಡಿ. ಸಿಮೋನ್ ಏನೂ ಆಗದವನಂತೆ ಮುಖ ಇಟ್ಟುಕೊಂಡು ನಟಿಸುವುದೇ ಅಲ್ಲಿನ ಹಾಸ್ಯ. ಪೆಟ್ಟು ಹಾಕಿದರೆ ‘ಈಗ ನಗಿ’ ಎಂದು ಹೇಳಿದಂತಾಗುತ್ತದೆ.

ಚಂಡೆಯ ದೃಶ್ಯ ಎಂದರೆ ಗ್ಯಾಸ್ ಮಾಸ್ಕಿನದ್ದು. ಸಿಪಾಯಿಗಳೆಲ್ಲ ವಿಷಾನಿಲದ ಮುಖವಾಡ ಹಾಕಿಕೊಂಡು ಕಾಡಿನಲ್ಲಿ ಕವಾಯತು ಮಾಡುತ್ತಾರೆ. ಕಣ್ಣು ಸರಿಯಾಗಿ ಕಾಣದು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ, ಎದುರು ಸಿಕ್ಕವರು ಹೆದರುತ್ತಾರೆ. ಯುದ್ಧ ಮುಗಿದು ಆಗ ಹತ್ತೇ ವರ್ಷ. ನೋಡುತ್ತಿದ್ದವರಲ್ಲಿ ಆ ಮುಖವಾಡವನ್ನು ಜೀವ ಉಳಿಸಿಕೊಳ್ಳಲು ಹಾಕಿಕೊಂಡವರು ಇದ್ದೇ ಇದ್ದರು. ಆದ್ದರಿಂದ ಮುಖವಾಡ ಮೊದಲು ಕಂಡಾಗ ಹತ್ತು ಸೆಕೆಂಡು ಪೂರ್ತಿ ಮೌನ. ಶ್ರುತಿಯೂ ಬೇಡ. ಮೊದಲ ಡಿಕ್ಕಿಯ ನಂತರ ಚಂಡೆ ಎತ್ತಿಕೊಂಡು, ಗುಂಪು ದಿಕ್ಕೆಡುವಾಗ ತಿತ್ತಿತ್ತೈ ತಾಳಕ್ಕೆ ಏರಿ. ಹೆದರಿಕೆ ಮೊದಲು ಬಂದು ನಗೆ ಆಮೇಲೆ ಬರಬೇಕು. ಮೊದಲೇ ಚಂಡೆ ಹೊಡೆದರೆ ಬರೀ ಗಲಾಟೆಯಾಗುತ್ತದೆ.

ಜ್ಯಾಂ ಸೆರೆಕೋಣೆಯಲ್ಲಿರುವಾಗ, ತಾನು ಮದುವೆಯಾಗಬೇಕೆಂದಿದ್ದ ಸೊಲಾಂಜ್ ಲೆಫ್ಟಿನೆಂಟನ ಜತೆ ಇರುವುದು ಕಿಟಕಿಯಿಂದ ಅವನಿಗೆ ಕಾಣುತ್ತದೆ. ಅಲ್ಲಿ ಶ್ರುತಿ ಮಾತ್ರ ಹಿಡಿದಿರಲಿ. ಭಾಗವತರು ಒಪ್ಪಿದರೆ ಮಾತಿಲ್ಲದ ಒಂದು ಸಣ್ಣ ಆಲಾಪ, ಅಷ್ಟೇ; ಕರುಣರಸದ ಪದ್ಯ ಹಾಡಿದರೆ ಚಿತ್ರ ಮುಂದೆ ಹೋಗುತ್ತದೆ, ಪದ್ಯ ಹಿಂದೆ ಉಳಿಯುತ್ತದೆ. ಕೊನೆಯ ರೆಜಿಮೆಂಟಿನ ಹಬ್ಬದಲ್ಲಿ ಪೊಮಿಯೆ ಕಾಡುದೇವತೆಯ ವೇಷ ಹಾಕಿ ಕುಣಿಯುವಾಗ ಇಡೀ ಹಿಮ್ಮೇಳ ಬರಲಿ. ಆದರೆ ತಾಳಕ್ಕೆ ಅವನನ್ನು ಎಳೆಯಲು ಹೋಗಬೇಡಿ. ಅವನ ಕುಣಿತಕ್ಕೆ ಅದರದೇ ಲೆಕ್ಕವಿದೆ. ಮದ್ದಳೆಯವರು ಹೆಜ್ಜೆ ಹಿಡಿಯಲಿ, ಚಂಡೆ ಮದ್ದಳೆಯನ್ನು ಹಿಂಬಾಲಿಸಲಿ.

ಹಿಮ್ಮೇಳ ಕೂರುವ ಜಾಗ: ಪರದೆಯ ಎಡಬದಿ, ಮೊದಲ ಸಾಲಿನಿಂದ 10–12 ಅಡಿ ದೂರ, ಪರದೆ ಎಲ್ಲರಿಗೂ ಕಾಣುವಷ್ಟು ಓರೆಯಾಗಿ. ಬಡಗುತಿಟ್ಟು ಯಕ್ಷಗಾನದ ಚಂಡೆಗೆ ಮೈಕ್ ಎಂದೂ ಬೇಡ, ಕಾಂಕ್ರೀಟ್ ಹಾಲ್‌ನಲ್ಲಿ ಅದು ಹಾಗೆಯೇ ಮೊಳಗುತ್ತದೆ. ಮದ್ದಳೆಗೆ ಮಾತ್ರ ಜನ ಹೆಚ್ಚಿದ್ದರೆ ಒಂದು. ಹಾಳೆ ನೋಡಲು ಸಣ್ಣ ಕ್ಲಿಪ್ ದೀಪಕ್ಕೆ ಹಳದಿ ಕಾಗದ ಸುತ್ತಿ ಪರದೆಗೆ ಬೆನ್ನು ಮಾಡಿ ಇಡಿ. ವಾದ್ಯಗಳನ್ನು ಒಂದು ಗಂಟೆ ಮೊದಲೇ ಹಾಲ್‌ಗೆ ತಂದಿಡಿ. ಹೊರಗಿನ ತೇವದಿಂದ ಎಸಿ ಹಾಲ್‌ಗೆ ಬಂದ ಚರ್ಮ ಒಣಗುತ್ತ ಶ್ರುತಿ ಏರುತ್ತದೆ, ಅರ್ಧ ಚಿತ್ರದಲ್ಲಿ ಅದನ್ನು ಸರಿಮಾಡಲು ಹೊತ್ತು ಸಿಗುವುದಿಲ್ಲ.

ನಡುವೆ ವಿರಾಮ ಬೇಕೇ? ಸಾಧ್ಯವಾದರೆ ಬೇಡ. ಕೊಡಲೇಬೇಕೆಂದಾದರೆ ಒಂದು ದೃಶ್ಯ ಮುಗಿದು ಹೊಸ ಫಲಕ ಬರುವ ಜಾಗದಲ್ಲಿ ಕೊಡಿ, ನಗು ನಡೆಯುತ್ತಿರುವಾಗ ದೀಪ ಹಾಕಬೇಡಿ. ಈ ಚಿತ್ರದ ಸಿಮೋನ್ ಹಿಡಿಸಿದವರು ರೆನ್ವಾ ಅವನನ್ನೇ ನಾಯಕನಾಗಿಟ್ಟು 1932ರಲ್ಲಿ ಮಾಡಿದ ‘ಬೂದ್ಯು’ ಕೇಳುತ್ತಾರೆ. ಮುಂದಿನ ಪ್ರದರ್ಶನಕ್ಕೆ ಅದನ್ನೇ ಇಡಬಹುದು. ಅದು ಟಾಕಿ, 24 ಫ್ರೇಮಿನಲ್ಲೇ ಓಡಬೇಕು, ಹಿಮ್ಮೇಳಕ್ಕೆ ಅಲ್ಲಿ ಕೆಲಸವಿಲ್ಲ; ಆದರೆ ಪ್ರತಿಯೊಂದು ಮಾತಿಗೂ ಕನ್ನಡ ಬರೆಯಬೇಕಾದ್ದರಿಂದ ಸಬ್‌ಟೈಟಲ್ ಕೆಲಸವನ್ನು ಎರಡು ತಿಂಗಳು ಮೊದಲೇ ಶುರುಮಾಡಿ.